ಸೈನಿಕನ ಮನೆಯ ಮಾರಾಟ: ಸರಕಾರದ ನೆರವು ಎಲ್ಲಿಯವರೆಗೆ?

(ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿನಿ, ಟಿಳಕವಾಡಿ)

ಪೀಠಿಕೆ

ನಮ್ಮ ಬೆಳಗಾವಿಯು ಸೈನಿಕರ ಊರೆಂಬುದು ವಾಚಕರಿಗೆಲ್ಲ ವಿದಿತವೇ ಇದೆ. 1922ರಲ್ಲಿ ಮರಾಠಾ ರೆಜಿಮೆಂಟಿನ ತರಬೇತಿ ಕೇಂದ್ರವು ಇಲ್ಲಿಗೆ ಬಂದು ನೆಲೆಯೂರಿತು. ಅಂದಿನಿಂದ ಇಂದಿನವರೆಗೆ ಎಷ್ಟೋ ತಲೆಮಾರುಗಳ ತರುಣರು ಇಲ್ಲಿ ಕವಾಯತು ಕಲಿತು ದೇಶದ ನಾಲ್ಕು ಮೂಲೆಗಳಿಗೂ ಹೋಗಿದ್ದಾರೆ. ನಾವು ವಾಸಿಸುವ ಟಿಳಕವಾಡಿಯು ಲೋಕಮಾನ್ಯರ ಹೆಸರನ್ನು ಹೊತ್ತ ಬಡಾವಣೆ. 1924ರಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದದ್ದು ಇದೇ ನೆಲದ ಮೇಲೆ. ಆಗ ತೋಡಿಸಿದ ಬಾವಿ ಇಂದಿಗೂ ಇದೆ. ಇದೇ ಟಿಳಕವಾಡಿಯ ಓಣಿಗಳಲ್ಲಿ ಇಂದು ಎಷ್ಟೋ ಮನೆಗಳ ಬಾಗಿಲ ಮೇಲೆ ಹೆಸರಿನ ಮುಂದೆ ಹವಾಲದಾರ, ಸುಭೇದಾರ ಎಂಬ ಬಿರುದುಗಳು ಕಾಣುತ್ತವೆ.

ಆ ಫಲಕಗಳಲ್ಲಿ ಒಂದು ನಮ್ಮ ತಂದೆಯವರದಾಗಿತ್ತು. ಆ ಮನೆಯನ್ನು ನಾವು ಮಾರಿದೆವು. ಮಾರುವಾಗ ಕಲಿತ ಪಾಠವನ್ನು ಸಹಪಾಠಿಗಳ ಮುಂದಿಡುವದಕ್ಕಾಗಿ ಈ ಲೇಖನವನ್ನು ಬರೆದಿದ್ದೇನೆ. ನಮ್ಮ ಕಾಲೇಜಿನಲ್ಲಿ ಸೈನಿಕರ ಮಕ್ಕಳು ಹಲವರಿದ್ದಾರೆ. ಸೈನ್ಯಕ್ಕೆ ಸೇರಬೇಕೆಂದು ಬೆಳಿಗ್ಗೆ ಓಡುವವರೂ ಇದ್ದಾರೆ. ನಾನು ಕಾಯಿದೆ ಕಲಿತವಳಲ್ಲ. ಆದರೆ ಎಂಟು ತಿಂಗಳು ಕಚೇರಿ ಕಟ್ಟೆಗಳ ಮೇಲೆ ಕುಳಿತವಳಿಗೆ ಕೆಲವು ಮಾತುಗಳು ಪುಸ್ತಕವಿಲ್ಲದೆಯೇ ತಿಳಿಯುತ್ತವೆ. ಆ ಮೇಲೆ ಪುಸ್ತಕಗಳನ್ನೂ ತೆರೆದು ನೋಡಿದೆ. ತಪ್ಪಿದ್ದರೆ ಅಧ್ಯಾಪಕರು ತಿದ್ದಬೇಕು.

ಸೈನಿಕನ ಮನೆಯ ವೈಶಿಷ್ಟ್ಯ

ಮೊದಲು ಒಂದು ಪ್ರಶ್ನೆಯನ್ನು ಹಾಕಿಕೊಳ್ಳೋಣ. ಎಲ್ಲರೂ ಮನೆ ಮಾರುತ್ತಾರೆ. ಸೈನಿಕನ ಮನೆಯ ಮಾರಾಟದಲ್ಲಿ ವಿಶೇಷವೇನು? ನನಗೆ ಮೂರು ವಿಶೇಷಗಳು ತೋರುತ್ತವೆ. ಒಂದನೆಯದು, ಸೈನಿಕನು ತನ್ನ ಮನೆಯಲ್ಲಿ ವಾಸಿಸುವ ಕಾಲ ಬಹಳ ಕಡಿಮೆ. ಮನೆಯ ಕಾಗದಪತ್ರಗಳು ತಮ್ಮನ ಕೈಯಲ್ಲಿಯೋ ಭಾವನ ಕೈಯಲ್ಲಿಯೋ ಇರುತ್ತವೆ. ಎರಡನೆಯದು, ವರ್ಗಾವಣೆಯ ಹುಕುಮು ಬಂದರೆ ಹದಿನೈದು ದಿನಗಳಲ್ಲಿ ಊರು ಬಿಡಬೇಕಾಗುವದು. ಸಾವಕಾಶವಾಗಿ ಗಿರಾಕಿಯನ್ನು ಹುಡುಕುವ ಪುರುಸೊತ್ತು ಅವನಿಗಿಲ್ಲ. ಅವಸರದ ಮಾರಾಟವು ಅಗ್ಗದ ಮಾರಾಟವೇ ಸರಿ. ಮೂರನೆಯದು ಹೇಳಲು ಕಷ್ಟವಾದದ್ದು. ಸೈನಿಕನು ಇದ್ದಕ್ಕಿದ್ದಂತೆ ತೀರಿಹೋಗಬಹುದು. ಆಗ ವ್ಯವಹಾರವು ಲೋಕವನ್ನು ಕಾಣದ ಹೆಂಗಸರ ಹಾಗೂ ಮಕ್ಕಳ ತಲೆಯ ಮೇಲೆ ಬೀಳುತ್ತದೆ.

ಈ ಕಷ್ಟವನ್ನು ಕಂಡೇ ಅಮೇರಿಕೆಯ ಸರಕಾರವು 1966ರಲ್ಲಿ ಒಂದು ಕಾಯಿದೆ ಮಾಡಿತು. ನಮ್ಮ ಅರ್ಥಶಾಸ್ತ್ರದ ಅಧ್ಯಾಪಕರು ತರಗತಿಯಲ್ಲಿ ಅದನ್ನು ವಿವರಿಸಿದಾಗ ನನಗೆ ಮನೆಯ ನೆನಪಾಗಿ ಕಣ್ಣು ಮಂಜಾಯಿತು. ಆ ದೇಶದಲ್ಲಿ ಸೈನಿಕ ನೆಲೆಗಳ ಸುತ್ತ ಚಿಕ್ಕ ಊರುಗಳು ಬೆಳೆಯುತ್ತವೆ. ಸೈನಿಕರೂ ಅಲ್ಲಿಯ ನೌಕರರೂ ಸಾಲ ಮಾಡಿ ಮನೆ ಕೊಳ್ಳುತ್ತಾರೆ. ಸರಕಾರವು ನೆಲೆಯನ್ನು ಮುಚ್ಚಿದರೆ ಒಂದೇ ತಿಂಗಳಲ್ಲಿ ನೂರಾರು ಮನೆಗಳು ಮಾರಾಟಕ್ಕೆ ಬರುತ್ತವೆ, ಕೊಳ್ಳುವವರು ಯಾರೂ ಇರುವದಿಲ್ಲ. ಬೆಲೆ ಕುಸಿಯುತ್ತದೆ. ಮಾರಿದ ಹಣದಿಂದ ಸಾಲವೂ ತೀರುವದಿಲ್ಲ. ಇದರಲ್ಲಿ ಮನೆಯವನ ತಪ್ಪೇನೂ ಇಲ್ಲ. ಬೆಲೆ ಬಿದ್ದದ್ದು ಸರಕಾರದ ನಿರ್ಣಯದಿಂದ. ಆದ್ದರಿಂದ ಆ ನಷ್ಟದ ಒಂದು ಪಾಲನ್ನು ಸರಕಾರವೇ ತುಂಬಿಕೊಡಬೇಕು, ಇಲ್ಲವೆ ಮನೆಯನ್ನೇ ಕೊಂಡುಕೊಳ್ಳಬೇಕು ಎಂಬುದು ಆ ಕಾಯಿದೆಯ ತತ್ತ್ವ. ಅಲ್ಲಿಯ ಭೂಸೇನೆಯ ಇಂಜಿನಿಯರ ದಳದವರು ಇದನ್ನು ನಡೆಸುತ್ತಾರೆ. 2008ರ ಸುಮಾರಿಗೆ ಆ ದೇಶದಲ್ಲೆಲ್ಲ ಮನೆಗಳ ಬೆಲೆ ಕುಸಿದಾಗ, 2009ರಲ್ಲಿ 55 ಕೋಟಿ 50 ಲಕ್ಷ ಡಾಲರುಗಳನ್ನು ತೆಗೆದಿಟ್ಟು ಈ ನೆರವನ್ನು ಹಿಗ್ಗಿಸಿದರು. ಗಾಯಗೊಂಡ ಸೈನಿಕರು, ಮಡಿದವರ ಪತಿಪತ್ನಿಯರು, ವರ್ಗಾವಣೆಯ ಹುಕುಮಿನಿಂದ ಮನೆ ಮಾರಬೇಕಾದವರು ಇವರನ್ನೆಲ್ಲ ಸೇರಿಸಿದರು. ವರ್ಗಾವಣೆಯವರ ಪಾಲಿನ ಈ ಸವಲತ್ತು 2012ರ ಸಪ್ಟೆಂಬರಿನವರೆಗೆ ಹೊರಟ ಹುಕುಮುಗಳಿಗೆ ಮಾತ್ರ ಸಂದಿತು.

ನಮ್ಮ ದೇಶದ ರೀತಿ ಬೇರೆ. ಇಲ್ಲಿ ಸೈನಿಕನು ನೌಕರಿಯ ಊರಿನಲ್ಲಿ ಮನೆ ಕೊಳ್ಳುವದು ವಿರಳ. ಅವನಿಗೆ ಸರಕಾರಿ ಕ್ವಾರ್ಟರ್ಸು ಸಿಗಬೇಕು ಎಂಬುದೇ ನಮ್ಮ ಪದ್ಧತಿ. ಆ ಮನೆಗಳು ಸಾಲದೆ ಹೋದದ್ದರಿಂದ 2002ರಲ್ಲಿ ವಿವಾಹಿತರ ವಸತಿ ಯೋಜನೆ ಎಂಬುದು ಪ್ರಾರಂಭವಾಯಿತು. ಸ್ವಂತ ಮನೆಯನ್ನು ಅವನು ಹುಟ್ಟೂರಿನಲ್ಲಿಯೋ, ನಿವೃತ್ತಿಯ ನಂತರ ನೆಲಸಬೇಕೆಂದ ಊರಿನಲ್ಲಿಯೋ ಕಟ್ಟಿಸುತ್ತಾನೆ. ಇದಕ್ಕಾಗಿ 1978ರಿಂದ ಭೂಸೇನಾ ಕಲ್ಯಾಣ ವಸತಿ ಸಂಸ್ಥೆಯು ಲಾಭವೂ ಇಲ್ಲದೆ ನಷ್ಟವೂ ಇಲ್ಲದೆ ಮನೆಗಳನ್ನು ಕಟ್ಟಿಸಿಕೊಡುತ್ತಿದೆ. 1976ರಲ್ಲಿ ಸ್ಥಾಪಿತವಾದ ಭೂಸೇನಾ ಸಾಮೂಹಿಕ ವಿಮಾ ನಿಧಿಯು ಮನೆ ಕಟ್ಟಲು ಸಾಲ ಕೊಡುತ್ತದೆ. ಕಟ್ಟುವದಕ್ಕೆ ನೆರವು ಹೀಗೆ ಹಲವು ಬಗೆಯಲ್ಲಿದೆ. ಮಾರುವಾಗ ನಮ್ಮವರಿಗೆ ಬರುವ ನಷ್ಟವು ನೆಲೆ ಮುಚ್ಚಿದ್ದರಿಂದ ಬರುವದಿಲ್ಲ. ಬಹುತೇಕ ಕಾಗದದಿಂದ ಬರುತ್ತದೆ. ಇದು ನಮ್ಮ ಮನೆಯಲ್ಲಿಯೇ ಸಿದ್ಧವಾಯಿತು.

ನಮ್ಮ ಮನೆಯ ಪ್ರಸಂಗ

ತಂದೆಯವರು ಖಾನಾಪುರ ತಾಲೂಕಿನ ಒಂದು ಹಳ್ಳಿಯಿಂದ ಸೈನ್ಯಕ್ಕೆ ಸೇರಿದವರು. ಇಪ್ಪತ್ತು ವರ್ಷ ನೌಕರಿ ಮಾಡಿ ಹವಾಲದಾರರಾಗಿದ್ದರು. ತಮ್ಮ ಸಂಬಳದ ಉಳಿತಾಯಕ್ಕೆ ಬ್ಯಾಂಕಿನ ಸಾಲವನ್ನು ಸೇರಿಸಿ ಟಿಳಕವಾಡಿಯಲ್ಲಿ ಮೂರು ಕೋಣೆಯ ಮನೆ ಕಟ್ಟಿಸಿದರು. ಕಟ್ಟುವ ಕಾಲಕ್ಕೆ ಅವರು ಈಶಾನ್ಯ ಗಡಿಯಲ್ಲಿದ್ದುದರಿಂದ ಕಾಕಾ ಅವರ ಹೆಸರಿಗೆ ಒಂದು ವಟಮುಖತ್ಯಾರ ಪತ್ರ ಬರೆದುಕೊಟ್ಟಿದ್ದರು. ಅಂದರೆ ತಮ್ಮ ಪರವಾಗಿ ಸಹಿ ಮಾಡುವ, ಮನೆಯನ್ನು ಕಟ್ಟಿಸುವ, ಬೇಕಾದರೆ ಮಾರುವ ಅಧಿಕಾರ. ನಾನು ಕಾಲೇಜಿಗೆ ಸೇರಿದ ವರ್ಷವೇ ತಂದೆಯವರು ನೌಕರಿಯಲ್ಲಿದ್ದಾಗಲೇ ಬೇನೆಯಿಂದ ತೀರಿಕೊಂಡರು. ಮನೆಯಲ್ಲಿ ಉಳಿದವರು ಅಜ್ಜಿ, ತಾಯಿ, ಹತ್ತೊಂಬತ್ತು ವರ್ಷದ ನಾನು, ಹದಿನಾಲ್ಕು ವರ್ಷದ ತಮ್ಮ.

ಕುಟುಂಬ ಪಿಂಚಣಿ ಬಂದಿತು. ಆದರೆ ಬ್ಯಾಂಕಿನ ಕಂತು, ತಮ್ಮನ ಶಾಲೆ, ಅಜ್ಜಿಯ ಔಷಧ ಇವುಗಳನ್ನು ಕೂಡಿಸಿದರೆ ತಿಂಗಳ ಕೊನೆ ಮುಟ್ಟುತ್ತಿರಲಿಲ್ಲ. ಮನೆ ಮಾರಿ ಸಾಲ ತೀರಿಸಿ, ಉಳಿದ ಹಣದಲ್ಲಿ ಸಣ್ಣದೊಂದು ಮನೆ ನೋಡಿಕೊಳ್ಳುವದೆಂದು ತಾಯಿ ನಿಶ್ಚಯಿಸಿದರು. ಎರಡನೆಯ ರೈಲ್ವೆ ಗೇಟಿನ ಹತ್ತಿರದ ಒಬ್ಬ ಸದ್ಗೃಹಸ್ಥರು 42 ಲಕ್ಷ ರೂಪಾಯಿಗೆ ಒಪ್ಪಿ ಒಂದು ಲಕ್ಷ ಇಸಾರ ಕೊಟ್ಟರು. ಕಾಕಾ ಅವರ ಹತ್ತಿರ ವಟಮುಖತ್ಯಾರ ಪತ್ರ ಇದ್ದೇ ಇದೆ. ಅವರು ಸಹಿ ಹಾಕಿದರೆ ಮುಗಿಯಿತು ಎಂದು ನಾವೆಲ್ಲ ತಿಳಿದಿದ್ದೆವು.

ಖರೀದಿ ಪತ್ರ ಬರೆಯುವ ವಕೀಲರು ಆ ಪತ್ರವನ್ನು ನೋಡಿ ಪಕ್ಕಕ್ಕಿಟ್ಟರು. “ಕೊಟ್ಟವರು ತೀರಿಕೊಂಡ ದಿನವೇ ಇದೂ ತೀರಿತು” ಎಂದರು. ಅಲ್ಲಿಂದ ನಮ್ಮ ಎಂಟು ತಿಂಗಳ ಅಲೆದಾಟ ಪ್ರಾರಂಭವಾಯಿತು.

ಈ ನಡುವೆ ಒಬ್ಬ ದಲಾಲರು ಸಂಜೆಯ ಹೊತ್ತು ಮನೆಗೆ ಬಂದು ಸುಲಭೋಪಾಯ ಹೇಳಿದರು. ತಂದೆಯವರು ಬದುಕಿದ್ದಾಗಲೇ ಕಾಕಾ ಅವರು ಮಾರಾಟದ ಕರಾರು ಮಾಡಿಕೊಟ್ಟಿದ್ದರೆಂದು ಹಿಂದಿನ ತಾರೀಖು ಹಾಕಿ ಕಾಗದ ಮಾಡಿದರೆ ಆಯಿತು, ಹಳೆಯ ಸ್ಟಾಂಪು ಕಾಗದ ತಾವೇ ತರುವದಾಗಿ ಹೇಳಿದರು. ಕಾಕಾ ಅವರಿಗೂ ಮನಸ್ಸು ಹೊಯ್ದಾಡಿತು. ಇಸಾರ ಕೊಟ್ಟವರು ಅವಸರ ಮಾಡುತ್ತಿದ್ದರು, ಬ್ಯಾಂಕಿನ ಎರಡು ಕಂತು ತಪ್ಪಿದ್ದವು. ತಾಯಿ ಹೆಚ್ಚು ಮಾತನಾಡಲಿಲ್ಲ. “ಅವರ ಹೆಸರಿನಲ್ಲಿ ಇಪ್ಪತ್ತು ವರ್ಷ ಒಂದೂ ಸುಳ್ಳು ಕಾಗದ ಆಗಿಲ್ಲ. ಈಗ ಬೇಡ” ಎಂದು ಹೇಳಿ ಒಳಗೆ ಹೋದರು. ದಲಾಲರು ಚಹಾ ಕುಡಿಯದೆ ಎದ್ದುಹೋದರು. ಆ ದಿನ ತಾಯಿಯ ಮಾತು ನಮಗೆ ಹಾನಿಯ ಮಾತೆಂದೇ ನನಗೆ ಅನಿಸಿತ್ತು. ಅದು ನಮ್ಮನ್ನು ಎಂಥ ಹೊಂಡದಿಂದ ಉಳಿಸಿತೆಂಬುದು ಆಮೇಲೆ ಓದಿದಾಗ ತಿಳಿಯಿತು.

ಮೂರು ಪಾಠಗಳು

ಒಂದನೆಯ ಪಾಠ ವಟಮುಖತ್ಯಾರ ಪತ್ರದ್ದು. 1872ರ ಕರಾರು ಕಾಯಿದೆಯ 201ನೆಯ ಕಲಮಿನ ಪ್ರಕಾರ ಅಧಿಕಾರ ಕೊಟ್ಟವನು ಮರಣ ಹೊಂದಿದರೆ ಪ್ರತಿನಿಧಿಯ ಅಧಿಕಾರವು ಸಾಮಾನ್ಯವಾಗಿ ಕೊನೆಗೊಳ್ಳುತ್ತದೆ. ಇದು ನ್ಯಾಯವೂ ಹೌದು. ಪ್ರತಿನಿಧಿಯು ಒಬ್ಬನ ಕೈ ಇದ್ದಂತೆ. ಆ ಮನುಷ್ಯನೇ ಇಲ್ಲವಾದ ಮೇಲೆ ಕೈ ಕೆಲಸ ಮಾಡಲಾರದು. ಇನ್ನೊಂದು ಭ್ರಮೆಯೂ ಜನರಲ್ಲಿದೆ. ಹಣ ಕೊಟ್ಟು ಖರೀದಿ ಪತ್ರದ ಬದಲು ಮುಖತ್ಯಾರ ಪತ್ರ ಬರೆಸಿಕೊಂಡರೆ ಮನೆ ತಮ್ಮದಾಯಿತೆಂದು ತಿಳಿಯುವವರುಂಟು. 2011ರಲ್ಲಿ ಸುಪ್ರೀಂ ಕೋರ್ಟು ಸೂರಜ್ ಲ್ಯಾಂಪ್ ಎಂಬ ಮೊಕದ್ದಮೆಯಲ್ಲಿ ಇದನ್ನು ಸ್ಪಷ್ಟವಾಗಿ ಅಲ್ಲಗಳೆಯಿತು. ನೋಂದಾಯಿತ ಖರೀದಿ ಪತ್ರವಿಲ್ಲದೆ ಸ್ಥಿರ ಆಸ್ತಿಯ ಒಡೆತನವು ಬದಲಾಗುವದಿಲ್ಲ. ದೂರದ ಗಡಿಯಲ್ಲಿರುವ ಸೈನಿಕನು ಬದುಕಿರುವಾಗ, ತನ್ನ ವಿಶ್ವಾಸದವರ ಮೂಲಕ ಖರೀದಿ ಪತ್ರ ಮಾಡಿಸುವದಕ್ಕೆ ಮುಖತ್ಯಾರ ಪತ್ರವು ಉತ್ತಮ ಸಾಧನವೇ. ಅದು ಮಾರಾಟಕ್ಕೆ ಸಾಧನ ಮಾತ್ರ, ಮಾರಾಟವಲ್ಲ.

ಎರಡನೆಯ ಪಾಠ ವಾರಸುದಾರಿಕೆಯದು. ಪಿಂಚಣಿಯ ಕಾಗದಗಳಲ್ಲಿ ತಾಯಿಯ ಹೆಸರಿದ್ದುದರಿಂದ ಮನೆಯೂ ಅವರೊಬ್ಬರದೇ ಎಂದು ನಾವು ನಂಬಿದ್ದೆವು. ಪಿಂಚಣಿ ಬೇರೆ, ಮನೆ ಬೇರೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಮೃತ್ಯುಪತ್ರ ಬರೆಯದೆ ತೀರಿಕೊಂಡವನ ಸ್ವಯಾರ್ಜಿತ ಆಸ್ತಿಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಹಾಗೂ ತಾಯಿ ಇವರೆಲ್ಲರಿಗೂ ಸಮಪಾಲು. ಹೀಗಾಗಿ ನಮ್ಮ ಮನೆಯು ನಾಲ್ಕು ಪಾಲಾಯಿತು: ಅಜ್ಜಿಗೆ ಕಾಲು ಪಾಲು, ತಾಯಿಗೆ ಕಾಲು, ಮಗಳಾದ ನನಗೆ ಕಾಲು, ತಮ್ಮನಿಗೆ ಕಾಲು. ಅಜ್ಜಿಗೆ ತನ್ನ ಪಾಲಿದೆಯೆಂದು ತಿಳಿದಾಗ ಆಕೆಗೇ ಆಶ್ಚರ್ಯವಾಯಿತು. ಆಕೆಗೆ ಮಾರುವ ಮನಸ್ಸಿರಲಿಲ್ಲ. “ನನ್ನ ಮಗ ಇಟ್ಟ ಇಟ್ಟಂಗಿ ಇವು” ಎಂದು ಗೋಡೆಯನ್ನು ಸವರಿ ಅಳುತ್ತಿದ್ದಳು. ಹದಿನೈದು ದಿನ ಆಕೆಯನ್ನು ಒತ್ತಾಯಪಡಿಸದೆ ಲೆಕ್ಕವನ್ನು ದಿನವೂ ಓದಿ ಹೇಳಿದೆವು. ಕೊನೆಗೆ ತಾನಾಗಿಯೇ ಹೆಬ್ಬೆಟ್ಟು ಒತ್ತಿದಳು. ಮುಸಲ್ಮಾನ ಹಾಗೂ ಕ್ರೈಸ್ತ ಬಾಂಧವರಿಗೆ ಅವರವರ ಕಾಯಿದೆಗಳಿದ್ದು ಪಾಲಿನ ಲೆಕ್ಕ ಬೇರೆಯಾಗುವದೆಂಬುದನ್ನು ಇಲ್ಲಿ ನೆನೆಯಬೇಕು.

ಮೂರನೆಯ ಪಾಠವೇ ಎಲ್ಲಕ್ಕಿಂತ ದೀರ್ಘವಾದದ್ದು. ತಮ್ಮನು ಅಜ್ಞಾನ, ಅಂದರೆ ಹದಿನೆಂಟು ತುಂಬದವನು. ತಾಯಿಯು ಅವನ ಸಹಜ ಪಾಲಕಳು. ಆದರೂ 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯಿದೆಯ 8ನೆಯ ಕಲಮಿನಂತೆ ಸಹಜ ಪಾಲಕರು ಕೂಡಾ ನ್ಯಾಯಾಲಯದ ಪೂರ್ವಾನುಮತಿ ಇಲ್ಲದೆ ಮಗುವಿನ ಸ್ಥಿರ ಆಸ್ತಿಯನ್ನು ಮಾರುವಂತಿಲ್ಲ. ಮಾರಿದರೆ ಆ ಮಗು ಪ್ರಾಯಕ್ಕೆ ಬಂದ ಮೂರು ವರ್ಷಗಳೊಳಗೆ ಆ ಮಾರಾಟವನ್ನು ರದ್ದುಗೊಳಿಸಬಹುದು. ತಿಳಿದ ಗಿರಾಕಿಯು ಇಂಥ ಮನೆಗೆ ಪೂರ್ತಿ ಬೆಲೆ ಕೊಡುವದಿಲ್ಲ. ತಿಳಿಯದ ಗಿರಾಕಿಯು ಕೊಟ್ಟರೆ ಅವನಿಗೆ ಮೋಸವಾಗುತ್ತದೆ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿರುವ ಪಾಲಿಗೆ ಈ ನಿಯಮ ಹೀಗೆಯೇ ಅನ್ವಯಿಸುವದಿಲ್ಲ. ಆದರೆ ನಮ್ಮದು ತಂದೆಯವರ ಸ್ವಂತ ಗಳಿಕೆ.

ಮಗುವಿಗೆ ಅವಶ್ಯಕತೆ ಇದ್ದರೆ, ಇಲ್ಲವೆ ಮಗುವಿಗೆ ಸ್ಪಷ್ಟವಾದ ಲಾಭವಿದ್ದರೆ ಮಾತ್ರ ನ್ಯಾಯಾಲಯವು ಅನುಮತಿ ಕೊಡುತ್ತದೆ. ಜಿಲ್ಲಾ ನ್ಯಾಯಾಲಯದಲ್ಲಿ ನಾವು ಅರ್ಜಿ ಹಾಕಿ ಬ್ಯಾಂಕಿನ ಸಾಲದ ಲೆಕ್ಕ, ಶಾಲೆಯ ಖರ್ಚು, ಮನೆಯ ಬೆಲೆಯ ಅಂದಾಜು ಎಲ್ಲವನ್ನೂ ಹಾಜರುಪಡಿಸಿದೆವು. ಅನುಮತಿ ಸಿಕ್ಕಿತು, ಜೊತೆಗೆ ತಮ್ಮನ ಪಾಲನ್ನು ಅವನಿಗೆ ಹದಿನೆಂಟು ತುಂಬುವವರೆಗೆ ಬ್ಯಾಂಕಿನಲ್ಲಿ ಠೇವಣಿ ಇಡಬೇಕೆಂಬ ಷರತ್ತೂ ಸಿಕ್ಕಿತು. ಅಷ್ಟರಲ್ಲಿ ಮೊದಲಿನ ಗಿರಾಕಿ ಬೇರೆ ಮನೆ ಕೊಂಡಿದ್ದರು. ಇಸಾರ ಮರಳಿಸಿದೆವು. ಮುಂದೆ ಬಂದವರು 39 ಲಕ್ಷಕ್ಕೆ ಕೊಂಡರು. ಮೂರು ಲಕ್ಷ ಕಡಿಮೆಯಾಯಿತು. ತಡವಾದ ಕಂತುಗಳ ಮೇಲಿನ ಬಡ್ಡಿ ಬೇರೆ. ಹಿಂದಿನ ತಾರೀಖಿನ ಕಾಗದ ಮಾಡಿದ್ದರೆ ಅಜ್ಜಿಯ ಪಾಲು, ತಮ್ಮನ ಪಾಲು ಎರಡನ್ನೂ ಮುಚ್ಚಿಟ್ಟಂತಾಗುತ್ತಿತ್ತು. ನಾಳೆ ತಮ್ಮನೇ ನಮ್ಮನ್ನು ಪ್ರಶ್ನಿಸಬಹುದಿತ್ತು. ಖೊಟ್ಟಿ ದಸ್ತೈವಜಿನ ಅಪರಾಧವು ಕಾಕಾ ಅವರ ಕೊರಳಿಗೆ ಬೀಳುತ್ತಿತ್ತು. ಮೂರು ಲಕ್ಷದ ನಷ್ಟವು ಆ ಮಾನದಿಂದ ಚಿಕ್ಕದೇ.

ಸರಕಾರ ಕೊಟ್ಟ ಜಮೀನು

ನಮ್ಮದು ಕೊಂಡ ಜಾಗ. ಆದರೆ ಅನೇಕ ಸೈನಿಕ ಕುಟುಂಬಗಳಿಗೆ ಸರಕಾರವೇ ಜಮೀನನ್ನೋ ನಿವೇಶನವನ್ನೋ ಕೊಟ್ಟಿರುತ್ತದೆ. 2016ರ ಫೆಬ್ರವರಿಯಲ್ಲಿ ಸಿಯಾಚಿನ್ನಿನ ಹಿಮಕುಸಿತದಲ್ಲಿ ಸಿಲುಕಿ, ಆರು ದಿನಗಳ ನಂತರ ಜೀವಂತ ಸಿಕ್ಕು, ಫೆಬ್ರವರಿ 11ರಂದು ದಿಲ್ಲಿಯಲ್ಲಿ ವೀರಮರಣ ಹೊಂದಿದ ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಅವರನ್ನು ಯಾರು ಮರೆತಾರು? ಅವರು ಧಾರವಾಡ ಜಿಲ್ಲೆ ಕುಂದಗೋಳ ತಾಲೂಕಿನ ಬೆಟದೂರಿನವರು. ಅವರ ಕುಟುಂಬಕ್ಕೆ ರಾಜ್ಯ ಸರಕಾರವು ಹಣದ ಜೊತೆಗೆ ಜಮೀನು ಹಾಗೂ ನಿವೇಶನವನ್ನು ಕೊಡುವದಾಗಿ ಘೋಷಿಸಿತು. ಇಂಥ ಕೊಡುಗೆಯ ಹಿಂದೆ ಹಳೆಯ ಪದ್ಧತಿಯಿದೆ. 1969ರ ಭೂ ಮಂಜೂರಾತಿ ನಿಯಮಗಳಲ್ಲಿ, ಹಂಚಬೇಕಾದ ಸರಕಾರಿ ಜಮೀನಿನ ಶೇಕಡಾ 10ರಷ್ಟನ್ನು ಸೈನಿಕರಿಗೂ ಮಾಜಿ ಸೈನಿಕರಿಗೂ ಮೀಸಲಿಟ್ಟರು.

ಕೊಟ್ಟ ಜಮೀನಿಗೆ ಒಂದು ಕಟ್ಟು ಇರುತ್ತದೆ. ಆ ನಿಯಮಗಳು ಮೂಲದಲ್ಲಿ ವಿಧಿಸಿದಂತೆ, ಕಬಜೆ ತೆಗೆದುಕೊಂಡ ದಿನದಿಂದ ಹದಿನೈದು ವರ್ಷ ಅದನ್ನು ಪರಾಧೀನ ಮಾಡಬಾರದು. ಒಬ್ಬೊಬ್ಬರ ಮಂಜೂರಾತಿ ಹುಕುಮಿನಲ್ಲಿ ಬರೆದ ಷರತ್ತೇ ಅವರಿಗೆ ಮುಖ್ಯವಾದುದರಿಂದ ಆ ಹುಕುಮನ್ನೇ ಓದಿ ನೋಡಬೇಕು. ಕುಟುಂಬವು ಪರಿಶಿಷ್ಟ ಜಾತಿಗೋ ಪಂಗಡಕ್ಕೋ ಸೇರಿದ್ದರೆ 1978ರ ಕಾಯಿದೆಯೊಂದು ಮತ್ತಷ್ಟು ಬಿಗಿಯಾಗಿದೆ. ಅಂಥವರಿಗೆ ಮಂಜೂರಾದ ಜಮೀನನ್ನು ಸರಕಾರದ ಪೂರ್ವಾನುಮತಿ ಇಲ್ಲದೆ ಮಾರಿದರೆ ಆ ಮಾರಾಟವೇ ಶೂನ್ಯ. ಜಮೀನು ಮರಳಿ ಕೊಡಿಸಿರೆಂದು ಕೇಳುವದಕ್ಕೆ ಕಾಲಮಿತಿ ಇಲ್ಲವೆಂದು 2023ರ ತಿದ್ದುಪಡಿಯು ಸ್ಪಷ್ಟಪಡಿಸಿತು.

ಈ ಕಟ್ಟು ಸೈನಿಕ ಕುಟುಂಬಕ್ಕೆ ನೆರವೋ ತೊಡಕೋ? ನಾನು ಎರಡೂ ಕಡೆ ಯೋಚಿಸಿದ್ದೇನೆ. ಮಗಳ ಶಸ್ತ್ರಕ್ರಿಯೆಗೆ ಹಣ ಬೇಕಾದ ವಿಧವೆಗೆ ಹದಿನೈದು ವರ್ಷ ಕಾಯಿರಿ ಎಂದರೆ ಅದು ನಿರ್ದಯವೆನಿಸುವದು. ಆದರೆ ದುಃಖದ ಮೊದಲ ವರ್ಷದಲ್ಲಿಯೇ ಮನೆ ಬಾಗಿಲಿಗೆ ಬರುವ ದಲಾಲರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಟ್ಟು ಇಲ್ಲದಿದ್ದರೆ ಎಷ್ಟು ಎಕರೆಗಳು ಅರ್ಧ ಬೆಲೆಗೆ ಕೈಬಿಟ್ಟುಹೋಗುತ್ತಿದ್ದವೋ! ಆದುದರಿಂದ ಕಟ್ಟನ್ನು ಬಿಡಿಸುವದಕ್ಕಿಂತ, ನಿಜವಾದ ಕಷ್ಟವಿದ್ದವರಿಗೆ ಅನುಮತಿಯು ಬೇಗನೆ ಸಿಗುವಂತೆ ಮಾಡುವದೇ ಮೇಲೆಂದು ನನ್ನ ಅಲ್ಪಮತಿಗೆ ತೋರುತ್ತದೆ.

ನೆರವು ಎಲ್ಲಿದೆ?

ಈಗ ಲೇಖನದ ಮುಖ್ಯ ಪ್ರಶ್ನೆಗೆ ಬರೋಣ. ಬೆಲೆಯ ನಷ್ಟವನ್ನು ತುಂಬಿಕೊಡುವ ಅಮೇರಿಕೆಯಂಥ ಕಾಯಿದೆಯು ನಮ್ಮಲ್ಲಿಲ್ಲವೆಂದ ಮಾತ್ರಕ್ಕೆ ನೆರವೇ ಇಲ್ಲವೆಂದು ತಿಳಿಯಬಾರದು. ಅದು ಬೇರೆ ಬೇರೆ ಗೂಡುಗಳಲ್ಲಿ ಚದುರಿದೆ.

ಮೊದಲನೆಯ ನೆರವು, ಮಾರುವದೇ ಬೇಡವಾಗುವಂತೆ ಮಾಡುವ ನೆರವು. ಕುಟುಂಬ ಪಿಂಚಣಿಯ ದರವು ಸಾಮಾನ್ಯವಾಗಿ ಕೊನೆಯ ಸಂಬಳದ ಶೇಕಡಾ 30. ನೌಕರಿಯಲ್ಲಿದ್ದಾಗಲೇ ತೀರಿಕೊಂಡರೆ ಮೊದಲ ಹತ್ತು ವರ್ಷ ಶೇಕಡಾ 50. ಸೈನಿಕ ಸೇವೆಯ ಕಾರಣದಿಂದಲೇ ಮರಣ ಬಂದಿದ್ದರೆ ಶೇಕಡಾ 60. ಯುದ್ಧದಲ್ಲಿ ಮಡಿದರೆ ಕೊನೆಯ ಸಂಬಳದಷ್ಟೇ. ಯಾವ ದರಕ್ಕೆ ತಾವು ಅರ್ಹರೆಂಬುದನ್ನು ಸರಿಯಾಗಿ ವಿಚಾರಿಸದೆ ಮನೆ ಮಾರಲು ಹೊರಡಬಾರದು. ಯುದ್ಧದಲ್ಲಿ ಮಡಿದವರ, ಅಂಗವಿಕಲರಾದವರ ಕುಟುಂಬಗಳು ಮನೆ ಕಟ್ಟಲು ಮಾಡಿದ ಸಾಲದ ಬಡ್ಡಿಯಲ್ಲಿ ಅರ್ಧವನ್ನು ಒಂದು ಮಿತಿಯೊಳಗೆ ಮರಳಿಸುವ ಯೋಜನೆಯೂ ಕೇಂದ್ರೀಯ ಸೈನಿಕ ಮಂಡಳಿಯದಾಗಿದೆ. ಈ ಮಂಡಳಿಯ ಮೂಲವು ಮೊದಲನೆಯ ಮಹಾಯುದ್ಧದ ನಂತರ 1919ರಲ್ಲಿ ಸ್ಥಾಪಿತವಾದ ಭಾರತೀಯ ಸೈನಿಕರ ಮಂಡಳಿಯಲ್ಲಿದೆ. ಪ್ರತಿ ವರ್ಷ ಡಿಸೆಂಬರ 7ರಂದು ನಾವು ಎದೆಗೆ ಚುಚ್ಚಿಕೊಳ್ಳುವ ಚಿಕ್ಕ ಧ್ವಜದ ಹಣವು ಇಂಥ ಕಾರ್ಯಗಳಿಗೇ ಸಲ್ಲುತ್ತದೆ.

ಎರಡನೆಯದು, ಸೈನಿಕನು ಊರಲ್ಲಿಲ್ಲದಾಗ ಅವನ ಹಕ್ಕನ್ನು ಕಾಯುವ ನೆರವು. 1925ರ ಭಾರತೀಯ ಸೈನಿಕರ ವ್ಯಾಜ್ಯ ಕಾಯಿದೆಯ ಪ್ರಕಾರ, ಯುದ್ಧದಂಥ ವಿಶೇಷ ಪರಿಸ್ಥಿತಿಯಲ್ಲಿ ಸೇವೆ ಮಾಡುತ್ತಿರುವ ಸೈನಿಕನ ಮೇಲೆ ದಾವೆ ನಡೆದರೆ, ಸೈನ್ಯದ ಅಧಿಕಾರಿಯ ಪ್ರಮಾಣಪತ್ರದ ಮೇಲೆ ನ್ಯಾಯಾಲಯವು ಅದನ್ನು ಮುಂದೂಡಬೇಕು. ಆ ಸೇವೆಯ ಕಾಲವನ್ನು ದಾವೆಯ ಕಾಲಮಿತಿಯಲ್ಲಿ ಎಣಿಸುವಂತಿಲ್ಲ. ನಮ್ಮ ರಾಜ್ಯದ 1961ರ ಭೂ ಸುಧಾರಣಾ ಕಾಯಿದೆಯು ಉಳಿದವರಿಗೆ ಗೇಣಿ ಕೊಡುವದನ್ನು ನಿಷೇಧಿಸಿದರೂ ಸೇವೆಯಲ್ಲಿರುವ ಸೈನಿಕನಿಗೆ ವಿನಾಯಿತಿ ಇಟ್ಟಿದೆ. ತಾನಿಲ್ಲದಾಗ ಹೊಲ ಬೀಳು ಬೀಳಬಾರದು, ಉತ್ತವನಿಗೆ ಹೋಗಿಬಿಡಲೂ ಬಾರದು ಎಂಬುದೇ ಅದರ ಆಶಯ. 1999ರ ಬಾಡಿಗೆ ಕಾಯಿದೆಯು, ತನ್ನ ವಾಸಕ್ಕೆ ಬೇಕಾದಾಗ ಬಾಡಿಗೆದಾರರಿಂದ ಮನೆಯನ್ನು ಬೇಗನೆ ಬಿಡಿಸಿಕೊಳ್ಳುವ ವಿಶೇಷ ಹಕ್ಕನ್ನು ಸೈನ್ಯದವರಿಗೆ ಕೊಟ್ಟಿದೆ.

ಮೂರನೆಯದು ಕಾನೂನಿನ ನೆರವು. ನಮಗೆ ಮೊದಲೇ ತಿಳಿಯದೆ ಹೋದದ್ದು ಇದೇ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತವಾಗಿ ಸಿಗಬೇಕು. ನಾವು ಮನೆಯ ಒಡವೆ ಅಡವಿಟ್ಟು ವಕೀಲರ ಫೀ ಕೊಟ್ಟೆವು, ಬೇಕಾಗಿಯೇ ಇರಲಿಲ್ಲ. ಇದಕ್ಕಿಂತ ಹೆಚ್ಚಿನ ಸಂತೋಷದ ಸಂಗತಿಯೆಂದರೆ, ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರವು 2025ರ ಜುಲೈ 26ರಂದು, ಕಾರ್ಗಿಲ್ ವಿಜಯದ ದಿನ, ಶ್ರೀನಗರದಲ್ಲಿ ವೀರ ಪರಿವಾರ ಸಹಾಯತಾ ಯೋಜನೆಯನ್ನು ಪ್ರಾರಂಭಿಸಿತು. ಸೈನಿಕ ಮಂಡಳಿಗಳ ಕಚೇರಿಗಳಲ್ಲಿಯೇ ಕಾನೂನು ಸೇವಾ ಕೇಂದ್ರಗಳನ್ನು ತೆರೆದು, ಸೈನಿಕನು ಗಡಿಯಲ್ಲಿರುವಾಗ ಅವನ ಊರಿನ ಜಮೀನು, ಮನೆ, ಸಂಸಾರದ ವ್ಯಾಜ್ಯಗಳಿಗೆ ಸಹಾಯ ಮಾಡುವದು ಅದರ ಉದ್ದೇಶ. ಬೆಳಗಾವಿಯಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿ ಇದೆ. ಮನೆಯ ಕಾಗದಗಳನ್ನು ಹಿಡಿದು ದಲಾಲರ ಹತ್ತಿರ ಹೋಗುವ ಮೊದಲು ಅಲ್ಲಿಗೆ ಹೋಗಬೇಕು.

ನಾಲ್ಕನೆಯದು ತೆರಿಗೆಯ ರಿಯಾಯಿತಿ. ಇದು ಸೈನಿಕರಿಗಷ್ಟೇ ಅಲ್ಲ, ಎಲ್ಲರಿಗೂ ಇದ್ದದ್ದು. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡ ಮನೆಯನ್ನು ಮಾರಿ ಬಂದ ಲಾಭದಿಂದ ಎರಡು ವರ್ಷಗಳಲ್ಲಿ ಬೇರೆ ಮನೆ ಕೊಂಡರೆ, ಇಲ್ಲವೆ ಮೂರು ವರ್ಷಗಳಲ್ಲಿ ಕಟ್ಟಿಸಿದರೆ, ಹಾಗೆ ತೊಡಗಿಸಿದ ಲಾಭಕ್ಕೆ ತೆರಿಗೆ ಇಲ್ಲ. 1961ರ ಆದಾಯ ತೆರಿಗೆ ಕಾಯಿದೆಯಲ್ಲಿದ್ದ ಈ ಸವಲತ್ತನ್ನು 2025ರ ಹೊಸ ಕಾಯಿದೆಯಲ್ಲಿಯೂ ಉಳಿಸಿದ್ದಾರೆ.

ಸಮಾರೋಪ

ಎರಡು ದೇಶಗಳ ರೀತಿಯನ್ನು ತೂಗಿ ನೋಡಿದರೆ ಒಂದು ಮಾತು ಹೊಳೆಯುತ್ತದೆ. ಅಲ್ಲಿ ನಷ್ಟವಾದ ಮೇಲೆ ಹಣ ಕೊಡುತ್ತಾರೆ. ಇಲ್ಲಿ ನಷ್ಟವಾಗದಂತೆ ತಡೆಯುವ ಕಾಯಿದೆಗಳಿವೆ, ಆದರೆ ಅವು ತಿಳಿದವರಿಗೆ ಮಾತ್ರ ಫಲಿಸುತ್ತವೆ. ನಮ್ಮ ಮೂರು ಲಕ್ಷ ಹೋದದ್ದು ಸರಕಾರದ ನಿರ್ದಯೆಯಿಂದಲ್ಲ, ನಮ್ಮ ಅಜ್ಞಾನದಿಂದ. ತಂದೆಯವರು ರಜೆಯಲ್ಲಿ ಬಂದಾಗ ಒಂದು ಮಧ್ಯಾಹ್ನ ಕುಳಿತು ಮಾತನಾಡಿದ್ದರೆ ಆ ನಷ್ಟ ಆಗುತ್ತಿರಲಿಲ್ಲ.

ಆದ್ದರಿಂದ ಸೈನಿಕರ ಮನೆಯ ಸಹಪಾಠಿಗಳಲ್ಲಿ ನನ್ನ ವಿನಂತಿ ಇಷ್ಟೇ. ಮುಂದಿನ ರಜೆಯಲ್ಲಿ ತಂದೆಯೋ ಅಣ್ಣನೋ ಬಂದಾಗ ಹಬ್ಬದ ಗದ್ದಲ ಮುಗಿದ ಮೇಲೆ ಪೆಟ್ಟಿಗೆಯನ್ನು ತೆರೆಯಿಸಿರಿ. ಸಿಟಿ ಸರ್ವೆಯ ಉತಾರ ಯಾರ ಹೆಸರಿಗಿದೆ, ಅದರ ಮೇಲೆ ಯಾವ ಬೋಜಾ ಇದೆ ಎಂದು ನೋಡಿರಿ. ಮಂಜೂರಾದ ಜಮೀನಿದ್ದರೆ ಹುಕುಮಿನ ಷರತ್ತುಗಳನ್ನು ಗಟ್ಟಿಯಾಗಿ ಓದಿರಿ. ವಟಮುಖತ್ಯಾರ ಪತ್ರ ಇದ್ದರೆ ಅದು ಯಾವ ಕೆಲಸಕ್ಕೆ, ಎಲ್ಲಿಯವರೆಗೆ ಎಂಬುದನ್ನು ತಿಳಿದುಕೊಳ್ಳಿರಿ. ಮೃತ್ಯುಪತ್ರದ ಮಾತನ್ನು ಅಪಶಕುನವೆಂದು ದೂಡಬೇಡಿರಿ. ಸ್ವಯಾರ್ಜಿತ ಮನೆಯ ವಿಷಯದಲ್ಲಿ ಎರಡು ಸಾಕ್ಷಿಗಳ ಸಹಿಯಿರುವ ಒಂದು ಹಾಳೆಯು ಎಂಟು ತಿಂಗಳ ಅಲೆದಾಟವನ್ನು ಉಳಿಸೀತು. ಸೈನಿಕ ಕಲ್ಯಾಣ ಕಚೇರಿಯ ದಾರಿಯನ್ನು ತಾಯಂದಿರಿಗೆ ಮೊದಲೇ ತೋರಿಸಿಟ್ಟಿರಿ.

ನಾವೀಗ ಅನಗೋಳದ ಕಡೆಗೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೇವೆ. ಸಾಲವಿಲ್ಲ. ತಮ್ಮನ ಪಾಲು ಬ್ಯಾಂಕಿನಲ್ಲಿ ಸುರಕ್ಷಿತವಾಗಿದೆ. ಅವನು ಹತ್ತನೆಯ ತರಗತಿ ದಾಟಿದ್ದಾನೆ. ಅಜ್ಜಿ ತನ್ನ ಪಾಲಿನ ಹಣವನ್ನು ನಮ್ಮ ಮುಂದಿನ ಮನೆಗೆಂದು ತೆಗೆದಿಟ್ಟಿದ್ದಾಳೆ. ತಂದೆಯವರ ಹೆಸರಿನ ಫಲಕವನ್ನು ನಾವು ಬರುವಾಗ ಬಿಚ್ಚಿಕೊಂಡು ಬಂದಿದ್ದೇವೆ. ಹೊಸ ಮನೆ ಆದ ದಿನ ಅದನ್ನು ಬಾಗಿಲ ಮೇಲೆ ಮತ್ತೆ ಹಚ್ಚುವದೆಂದು ತಾಯಿ ಹೇಳಿದ್ದಾರೆ. ಈ ಲೇಖನವನ್ನು ಓದಿ ಒಂದು ಮನೆಯವರಾದರೂ ತಮ್ಮ ಪೆಟ್ಟಿಗೆಯ ಕಾಗದಗಳನ್ನು ಸಕಾಲಕ್ಕೆ ತೆಗೆದು ನೋಡಿದರೆ ನನ್ನ ಬರವಣಿಗೆ ಸಾರ್ಥಕವಾಯಿತೆಂದು ಭಾವಿಸುವೆನು.